ಕೆಂಪು ಗುರುತಿಲ್ಲದ ಪ್ರೂಫು

ಬರೆದು ಬದುಕುತ್ತೇನೆ ಎಂದು ಹೇಳಿದರೆ ಶಹಾಪುರದ ಮಂದಿ ಈಗಲೂ ಕೇಳುತ್ತಾರೆ, "ಅದು ಖರೆ, ನೌಕರಿ ಎಲ್ಲಿ?" ಎಂದು. ಮೂವತ್ತು ವರ್ಷದಿಂದ ಇದೇ ನನ್ನ ನೌಕರಿ. ವಾರಪತ್ರಿಕೆಗೆ ಧಾರಾವಾಹಿ ಬರೆದಿದ್ದೇನೆ. ಹಿಂದಿಯಿಂದ, ಇಂಗ್ಲಿಷಿನಿಂದ ಅನುವಾದ ಮಾಡಿದ್ದೇನೆ. ನಿವೃತ್ತ ಪ್ರಾಂಶುಪಾಲರ ಅಭಿನಂದನಾ ಗ್ರಂಥಗಳನ್ನು ತಿದ್ದಿದ್ದೇನೆ. ಮುಖಂಡರಿಗೆ ಭಾಷಣ ಬರೆದುಕೊಟ್ಟು, ಅವರು ಅದನ್ನು ವೇದಿಕೆಯ ಮೇಲೆ ತಡವರಿಸುತ್ತ ಓದುವುದನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ಲಗ್ನಪತ್ರಿಕೆಯ ಒಕ್ಕಣೆ, ತೀರಿಹೋದವರ ಫೋಟೋದ ಕೆಳಗೆ ಹಾಕುವ ನಾಲ್ಕು ಸಾಲು, ಯಾವುದಕ್ಕೂ ಒಲ್ಲೆ ಅಂದವನಲ್ಲ. ಇವುಗಳ ನಡುವೆ ಐದು ಕಾದಂಬರಿ, ಮೂರು ಕಥಾಸಂಕಲನ ಬಂದವು.

ಇದೆಲ್ಲ ನನ್ನ ಹೆಸರಿನಲ್ಲೇ ಅಚ್ಚಾಗಿದೆ. ಆದರೆ ಒಂದು ಪುಟವೂ ನನ್ನ ಹೆಂಡತಿಯ ಕಣ್ಣು ದಾಟದೆ ಮನೆಯಿಂದ ಹೊರಗೆ ಹೋದದ್ದಿಲ್ಲ. ಹೋಗಿದ್ದರೆ ಅದು ಒಂದೇ ಒಂದು ಸಲ. ಆ ಸಲದ್ದನ್ನು ಹೇಳಬೇಕಾಗಿದೆ.

ಅವಳು ಸುರಪುರದವಳು, ಪ್ರಾಥಮಿಕ ಶಾಲೆಯ ಮಾಸ್ತರರ ಮಗಳು. ಪಿಯುಸಿಗೆ ಓದು ನಿಂತಿತು. ಅಂದರೆ ಕಾಲೇಜಿನ ಓದು ನಿಂತಿತು, ಇವಳ ಓದು ನಿಲ್ಲಲಿಲ್ಲ. ಹದಿನೈದರ ವಯಸ್ಸಿಗೆ ಊರಿನ ಗ್ರಂಥಾಲಯದಲ್ಲಿದ್ದ ಕಥೆ ಕಾದಂಬರಿಗಳನ್ನೆಲ್ಲ ಮುಗಿಸಿ, ಮತ್ತೆ ಮೊದಲ ಕಪಾಟಿನಿಂದ ಶುರುಮಾಡಿದ್ದಳಂತೆ. ನಾನು ಹೆಣ್ಣು ನೋಡಲು ಹೋದಾಗ ಮಂಡಕ್ಕಿ ಸುಸಲಾ, ಚಹಾ ಆದಮೇಲೆ ಹಿರಿಯರು, "ಏನರ ಕೇಳೂದಿದ್ರ ಕೇಳವಾ" ಅಂದರು. ಆಕೆ ತಲೆ ಎತ್ತಿ ನನ್ನನ್ನೇ ಕೇಳಿದಳು.

"ನಿಮ್ಮ ಮನ್ಯಾಗ ಪುಸ್ತಕ ಎಷ್ಟವರಿ?"

"ಇನ್ನೂರರ ಮ್ಯಾಲ ಇರಬೇಕು," ಅಂದೆ.

"ಓದಿದ್ದು?"

ಆ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. "ಅರ್ಧ," ಅಂದೆ. ಆಕೆ ನಕ್ಕಳು. ನಮ್ಮ ಲಗ್ನ ಗಟ್ಟಿಯಾದದ್ದು ಹಾಗೆ.

ಉಳಿದರ್ಧವನ್ನು ಅವಳು ಬಂದ ವರ್ಷವೇ ಓದಿ ಮುಗಿಸಿದಳು. ಆಮೇಲೆ ನನ್ನ ಕೈಬರಹಕ್ಕೆ ಬಂದಳು. ಮಾಸ್ತರರ ಮನೆಯ ರೂಢಿ, ಕೈಯಲ್ಲಿ ಕೆಂಪು ಪೆನ್ಸಿಲ್ಲು. ಕಾಗುಣಿತದ ತಪ್ಪಿಗೆ ಸಣ್ಣದೊಂದು ಗೆರೆ. ಮಾತು ಒಪ್ಪದಿದ್ದಲ್ಲಿ ಅಂಚಿನಲ್ಲಿ ಒಂದೇ ಪದ: ಸುಳ್ಳು. ಒಂದು ಕಥೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತ ಹೆಣ್ಣುಮಗಳಿಗೆ ಅಪ್ಪ ಸತ್ತ ಸುದ್ದಿ ಬರುತ್ತದೆ. ಅವಳು ಚೀರಿ ನೆಲಕ್ಕೆ ಬಿದ್ದಳೆಂದು ನಾನು ಬರೆದಿದ್ದೆ. ಇವಳು ಅಂಚಿನಲ್ಲಿ ಬರೆದಳು: "ಸುಳ್ಳು. ಹಂಚಿನ ಮ್ಯಾಲ ರೊಟ್ಟಿ ಅದ. ಮೊದಲು ಅದನ್ನ ತಗೀತಾಳ." ಎರಡು ದಿನ ಮುನಿಸಿಕೊಂಡಿದ್ದೆ. ಮೂರನೆಯ ದಿನ ಆ ಸಾಲು ಹೊಡೆದುಹಾಕಿ ಅವಳು ಹೇಳಿದ ಹಾಗೆ ಬರೆದೆ. ಆ ಕಥೆಯನ್ನು ಮೆಚ್ಚಿದವರೆಲ್ಲ ಮೆಚ್ಚಿದ್ದು ಆ ರೊಟ್ಟಿಯನ್ನೇ. ಯಾರ ಮುಂದೆಯೂ ನಾನು ನಿಜ ಹೇಳಲಿಲ್ಲ. ಹೇಳಬೇಕು ಅಂತಲೂ ಅನ್ನಿಸಿರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ನಮ್ಮವ್ವ ಹನ್ನೊಂದು ವರ್ಷ ನಮ್ಮ ಜೊತೆಗಿದ್ದು ತೀರಿಹೋದಳು. ಅವ್ವ ಸಗರದವಳು. ಭೀಮರಾಯನಗುಡಿಯಲ್ಲಿ ಕ್ಯಾಂಪು ಎದ್ದು ಕಾಲುವೆ ತೋಡುವಾಗ ತಲೆಯ ಮೇಲೆ ಬುಟ್ಟಿ ಮಣ್ಣು ಹೊತ್ತವಳು. ನನಗಿಂತ ಮೊದಲು ಅವಳಿಗೊಂದು ಹೆಣ್ಣುಕೂಸು ಇತ್ತು. ಅದಕ್ಕೆ ಜ್ವರ ಬಂದ ದಿನ ಕೆಲಸದ ಮೇಸ್ತ್ರಿ ಅರ್ಧ ದಿನದ ರಜೆ ಕೊಡಲಿಲ್ಲ. ಸಂಜೆ ಅವ್ವ ಗುಡಿಸಲಿಗೆ ಬಂದಾಗ ಕೂಸು ಹೋಗಿತ್ತು. ಇಷ್ಟನ್ನು ನಾನು ದೊಡ್ಡವನಾದ ಮೇಲೆ ಬೇರೆಯವರಿಂದ ಕೇಳಿ ತಿಳಿದೆ. ಅವ್ವ ಎಂದೂ ಬಾಯಿ ಬಿಟ್ಟವಳಲ್ಲ.

ನನಗೆ ಸ್ವಂತ ನೆನಪಿರುವುದು ಬೇರೊಂದು. ನನಗಾಗ ಏಳೆಂಟು ವರ್ಷ. ಒಂದು ಬೇಸಗೆಯ ಮಧ್ಯಾಹ್ನ ಮುದುಕನೊಬ್ಬ ನಮ್ಮ ಬಾಗಿಲಿಗೆ ಬಂದು ನೀರು ಕೇಳಿದ. ಅವ್ವ ಅವನನ್ನು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ಕುಡಿದು, ಕೈಮುಗಿದು ಹೋದ. ಅವನೇ ಆ ಮೇಸ್ತ್ರಿ ಎಂದು ಮುಂದೆ ಗೊತ್ತಾಯಿತು. ಕೂಸನ್ನು ಕೊಂದವನಿಗೆ ನೀರು ಕೊಟ್ಟ ತಾಯಿ. ನಾನು ಬರಹಗಾರನಾದ ದಿನದಿಂದ ಆ ತಂಬಿಗೆ ನನ್ನ ತಲೆಯಲ್ಲಿತ್ತು. ಅದನ್ನೇ ಕೊನೆಯ ಅಧ್ಯಾಯ ಮಾಡಿ ಅವ್ವನ ಮೇಲೆ ಒಂದು ಕಾದಂಬರಿ ಬರೆಯಲು ನಾಲ್ಕು ವರ್ಷ ಹಿಡಿಯಿತು.

ಈ ಒಂದನ್ನು ಮಾತ್ರ ಹೆಂಡತಿಗೆ ಅಧ್ಯಾಯ ಅಧ್ಯಾಯವಾಗಿ ತೋರಿಸಲಿಲ್ಲ.

"ನಮ್ಮವ್ವಂದು ಇದು. ಪೂರಾ ಮುಗೀಲಿ, ಪ್ರೂಫಿನ್ಯಾಗ ನೋಡೀಯಂತ," ಅಂದೆ.

"ನಿಮ್ಮ ಇಷ್ಟ," ಅಂದಳು. ಅವಳಿಗೆ ಬೇಸರವಾಗಿತ್ತು. ನನಗೆ ಅದು ಕಂಡರೂ ಕಾಣದ ಹಾಗೆ ಇದ್ದೆ.

ಯಾದಗಿರಿಯಲ್ಲಿ ಅಕ್ಷರ ಜೋಡಿಸುವ ಕೆಲಸ ನಡೆದಿದ್ದಾಗ ಒಂದು ಬೆಳಿಗ್ಗೆ ಅವಳಿಗೆ ತಲೆನೋವು ಬಂತು. ಎರಡು ಸಲ ವಾಂತಿಯಾಯಿತು. ಕಣ್ಣು ಕತ್ತಲಾಗುತ್ತದೆ ಅಂದಳು. ಪಿತ್ತ ಅಂದುಕೊಂಡೆವು. ನಿಂಬೆಹಣ್ಣಿನ ಶರಬತ್ತು ಕುಡಿದು ಮಧ್ಯಾಹ್ನದವರೆಗೆ ಮಲಗಿ ಎದ್ದಳು, ಸಂಜೆಗೆ ಅಡಿಗೆ ಮಾಡಿದಳು. ಆ ದಿನ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋಗಬೇಕಾಗಿತ್ತು. ನಾನು ಮುನ್ನುಡಿ ಬರೆಯುತ್ತ ಕುಳಿತಿದ್ದೆ.

ಒಂದು ವಾರಕ್ಕೆ ಪ್ರೂಫು ಬಂದವು. ಹಾಳೆಯ ಕಟ್ಟನ್ನು ಅವಳ ಮುಂದಿಟ್ಟು ಕೆಂಪು ಪೆನ್ಸಿಲ್ಲು ಕೆತ್ತಿ ಕೊಟ್ಟೆ. ದಿನಾ ಅಡಿಗೆ ಕೆಲಸ ಮುಗಿದ ಮೇಲೆ ಕಿಟಕಿಯ ಹತ್ತಿರ ಕುಳಿತು ಹಾಳೆ ತಿರುವುತ್ತಿದ್ದಳು. ಯಾವಾಗಲೂ ಬೇಗ ಓದುವವಳು, ಈ ಸಲ ನಿಧಾನವಾಗಿ ತಿರುವುತ್ತಿದ್ದಳು. ಅವ್ವನ ಕಥೆ, ಮನಸ್ಸಿಟ್ಟು ಓದುತ್ತಿದ್ದಾಳೆ ಅಂದುಕೊಂಡೆ. ಹತ್ತು ದಿನಕ್ಕೆ ಕಟ್ಟು ವಾಪಸು ಕೊಟ್ಟಳು. ಒಂದೊಂದೇ ಹಾಳೆ ನೋಡಿದೆ. ಮುನ್ನೂರು ಪುಟದಲ್ಲಿ ಒಂದು ಗೆರೆ ಇರಲಿಲ್ಲ.

"ಏನೂ ಇಲ್ಲೇನು?" ಅಂದೆ.

"ಏನೂ ಇಲ್ಲ. ಚಂದ ಅದ."

"ಕಾಗುಣಿತ ಸುದಾ?"

"ಎಲ್ಲಾ ಸರಿ ಅದ ಅಂದ್ನೆಲ್ರಿ."

ನನಗಾದ ಸಂತೋಷವನ್ನು ಈಗ ನೆನೆದರೆ ಮೈ ಸಣ್ಣಗಾಗುತ್ತದೆ. ಇಪ್ಪತ್ತೆಂಟು ವರ್ಷ ಇವಳ ಪೆನ್ಸಿಲ್ಲಿಗೆ ಹೆದರಿ ಬರೆದವನು ಕೊನೆಗೂ ಗೆದ್ದೆ ಅನ್ನಿಸಿತ್ತು. ಆ ದಿನವೇ ಮುದ್ರಣಕ್ಕೆ ಹೇಳಿ ಕಳಿಸಿದೆ.

ಯಾದಗಿರಿಯಲ್ಲಿ ಪುಸ್ತಕ ಬಿಡುಗಡೆ ಇಟ್ಟುಕೊಂಡೆವು. ಒಂದು ಶಾಲೆಯ ಸಭಾಂಗಣ, ಎಂಬತ್ತರಿಂದ ನೂರು ಮಂದಿ. ಅವಳು ಮುಂದಿನ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಾನು ಮಾತಾಡುವಾಗ ಅಂದೆ: "ನಮ್ಮ ಮನೆಯವರು ನನ್ನ ಬರಹದಲ್ಲಿ ತಪ್ಪು ಹುಡುಕದ ಪುಟ ಇಲ್ಲ. ಈ ಪುಸ್ತಕದಲ್ಲಿ ಅವರಿಗೆ ಒಂದೂ ತಪ್ಪು ಸಿಗಲಿಲ್ಲ. ನನಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ." ಮಂದಿ ಚಪ್ಪಾಳೆ ಹೊಡೆದರು. ಅವಳು ತಲೆ ತಗ್ಗಿಸಿದಳು. ನಾಚಿಕೊಂಡಳು ಅಂದುಕೊಂಡೆ. ಇಳಿದು ಬಂದಮೇಲೆ ಯಾರೋ ಅವಳಿಗೆ, "ಒಂದು ಪ್ಯಾರಾ ನೀವ ಓದ್ರಿ ಅಕ್ಕಾರ" ಅಂದರು. ಗಂಟಲು ಕಟ್ಟಿದೆ ಅಂತ ಕೈಸನ್ನೆ ಮಾಡಿದಳು.

ನಮ್ಮ ಮಗ್ಗುಲ ಮನೆಯಲ್ಲಿ ಒಬ್ಬ ದರ್ಜಿ ಹೆಣ್ಣುಮಗಳಿದ್ದಾಳೆ. ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ನನ್ನ ಧಾರಾವಾಹಿ ಬರುತ್ತಿದ್ದ ವಾರಪತ್ರಿಕೆ ಗುರುವಾರ ಯಾದಗಿರಿ ಬಸ್ಸಿಗೆ ಬರುತ್ತಿತ್ತು. ಅವತ್ತು ಮಧ್ಯಾಹ್ನ ಅವಳು ಕಾಜ ಹೊಲಿಯುವ ಬ್ಲೌಸುಗಳನ್ನು ಚೀಲದಲ್ಲಿ ತುಂಬಿಕೊಂಡು ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದಳು. ನನ್ನ ಹೆಂಡತಿ ಓದುತ್ತಿದ್ದಳು, ಅವಳು ಹೊಲಿಯುತ್ತ ಕೇಳುತ್ತಿದ್ದಳು. ಬಹಳ ವರ್ಷದ ರೂಢಿ ಅದು.

ಬಿಡುಗಡೆಯಾಗಿ ಎರಡು ವಾರ ಕಳೆದಿತ್ತು. ನಾನು ಒಳಗಿನ ಕೋಣೆಯಲ್ಲಿ ಒಂದು ಅನುವಾದ ಮಾಡುತ್ತಿದ್ದೆ. ಹೊರಗೆ ಓದು ನಡೆದಿತ್ತು. ಆಗಿನ ನನ್ನ ಧಾರಾವಾಹಿಯಲ್ಲಿ ಒಬ್ಬ ನರ್ಸು ಇದ್ದಳು, ಅವಳನ್ನು ಮದುವೆಯಾಗಲು ಒಬ್ಬ ಗುಮಾಸ್ತ ಕಾಯುತ್ತಿದ್ದ. ಆ ವಾರದ ಕಂತಿನಲ್ಲಿ ಅವಳಿಗೆ ವರ್ಗದ ಆದೇಶ ಬರುತ್ತದೆ, ಅವಳು ಗುಮಾಸ್ತನಿಗೆ ಒಪ್ಪಿಗೆ ಕೊಡುತ್ತಾಳೆ. ನಾನು ಬರೆದದ್ದು ಅದು. ಹೊರಗಿನಿಂದ ಕೇಳಿಬಂದದ್ದು ಬೇರೆ.

"ಬ್ಯಾಗು ತಗೊಂಡು ಯಾದಗಿರಿ ಸ್ಟೇಶನ್ನಿಗೆ ಬಂದಳು. ಬೆಂಚಿನ ಮೇಲೆ ಕುಂತಳು. ಒಂದು ರೈಲು ಬಂತು, ಹೋಯಿತು. ಇನ್ನೊಂದು ಬಂತು. ಏಳಲಿಲ್ಲ. ಎದುರು ಬೆಂಚಿನ್ಯಾಗ ಒಬ್ಬ ಮುದುಕಿ ಕುಂತಿದ್ದಳು. ಎಲ್ಲಿಗೆ ಹೊಂಟೀಯವ್ವಾ ಅಂದಳು. ಎಲ್ಲಿಗೂ ಇಲ್ಲ, ರೈಲು ನೋಡಾಕ ಬಂದೀನಿ ಅಂದಳು ಆಕಿ."

"ಮುಂದ ಏನಾತು ಅಕ್ಕಾ?"

"ಎದ್ದು ಮನಿಗೆ ಬಂದಳು. ಹಗ್ಗದ ಮೇಲಿನ ಬಟ್ಟಿ ಒಣಗಿದ್ದವು. ಒಂದೊಂದೇ ಮಡಚಿಟ್ಟಳು. ಗುಮಾಸ್ತನಿಗೆ ಹೇಳೋ ಮಾತು ಇನ್ನೂ ಸಿಕ್ಕಿರಲಿಲ್ಲ."

ಮೊದಲು ನನಗೆ ಬಂದದ್ದು ಸಿಟ್ಟು. ಸಂಪಾದಕರು ನನ್ನನ್ನು ಕೇಳದೆ ಕಂತನ್ನು ಬದಲಿಸಿದ್ದಾರೆ ಅಂದುಕೊಂಡೆ. ಎದ್ದು ಹೊರಗೆ ಬಂದು, "ತಾ ಇಲ್ಲಿ" ಅಂತ ಅವಳ ಕೈಯಿಂದ ಪತ್ರಿಕೆ ಕಸಿದುಕೊಂಡೆ. ಅವಳು ಬಿಡಿಸಿಕೊಂಡಿದ್ದ ಪುಟದಲ್ಲಿ ವಾರಭವಿಷ್ಯ ಇತ್ತು. ಹನ್ನೆರಡು ರಾಶಿ, ಹನ್ನೆರಡು ಚಿತ್ರ. ನನ್ನ ಧಾರಾವಾಹಿ ಅದರ ಮೂರು ಪುಟ ಹಿಂದಿತ್ತು, ನಾನು ಬರೆದ ಹಾಗೆಯೇ ಇತ್ತು.

ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ದರ್ಜಿ ಹೆಣ್ಣುಮಗಳಿಗೆ ಏನು ತಿಳಿಯಿತೋ, ಬ್ಲೌಸುಗಳನ್ನು ಚೀಲಕ್ಕೆ ಹಾಕಿಕೊಂಡು, "ನಾಳೆ ಬರ್ತೀನಕ್ಕಾ" ಅಂತ ಎದ್ದುಹೋದಳು.

"ಇದೇನು?" ಅಂದೆ.

ನೆಲದ ಮೇಲೆ ಬಿದ್ದಿದ್ದ ಒಂದು ಗುಂಡಿ ಎತ್ತಿ ಕಿಟಕಿಯಲ್ಲಿಟ್ಟಳು. ಆಮೇಲೆ ಅಂದಳು: "ನನಗ ಓದಾಕ ಬರವಲ್ದರಿ."

"ಚಸ್ಮಾ ಬದಲಿಸಬೇಕೇನು?"

"ಕಣ್ಣು ಕಾಣ್ತಾವ. ಆ ಗೋಡಿ ಮ್ಯಾಲಿನ ಇರುವಿ ಕಾಣ್ತದ. ಅಕ್ಷರ ಕಾಣ್ತಾವ. ಅವು ಯಾವವು ಅಂತ ತಿಳಿಯವಲ್ದು. ಯಾರೋ ಅಕ್ಕಿ ಚೆಲ್ಯಾರ ಅನ್ನಂಗ ಕಾಣ್ತದ."

"ಎಂದಿನಿಂದ?"

"ತಲಿ ನೋವಾಗಿತ್ತಲ್ರಿ, ಅವತ್ತಿನಿಂದ."

ನಾನು ಲೆಕ್ಕ ಹಾಕಿದೆ. ಎರಡು ತಿಂಗಳ ಮೇಲಾಗಿತ್ತು. ಆ ಎರಡು ತಿಂಗಳಲ್ಲಿ ಅವಳ ಬಲಭುಜ ಬಾಗಿಲಿಗೆ ತಾಗುತ್ತಿದ್ದದ್ದನ್ನು ನೋಡಿದ್ದೆ. ಚಹಾದ ಡಬ್ಬಿಯನ್ನು ಮೂಸಿ ನೋಡಿ ತೆಗೆಯುತ್ತಿದ್ದದ್ದನ್ನು ನೋಡಿದ್ದೆ. ಮೊಬೈಲಿಗೆ ಅವಳ ಅಣ್ಣನಿಂದ ಸಂದೇಶ ಬಂದರೆ, "ನೀವ ನೋಡ್ರಿ, ನನ್ನ ಕೈ ಹಸಿ ಅದಾವ" ಅನ್ನುತ್ತಿದ್ದಳು. ಬರಹಗಾರ ಎಲ್ಲವನ್ನೂ ಗಮನಿಸುವವನು ಎಂದು ಎಷ್ಟೋ ವೇದಿಕೆಯ ಮೇಲೆ ಹೇಳಿಕೊಂಡವನು ನಾನು.

"ಮತ್ತ ಪ್ರೂಫು?" ಅಂದೆ. ಆ ಹೊತ್ತಿನಲ್ಲೂ ನಾನು ಕೇಳಿದ್ದು ಅದನ್ನೇ.

"ಹಾಳಿ ತಿರುವಿದೆ. ಧಾರಾವಾಹಿದೂ ಹಂಗ."

"ಯಾಕ ಹೇಳಲಿಲ್ಲ ನನಗ?"

"ಮೊದಲ ದಿನ ನಾಳಿಗೆ ಸರಿ ಆಗ್ತದ ಅಂದ್ಕೊಂಡೆ. ಮರುದಿನ ಹಂಗ ಅಂದ್ಕೊಂಡೆ. ಆಮ್ಯಾಗ ನೀವು ಅಷ್ಟು ಖುಷಿಯಾಗಿದ್ರಿ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ಮತ್ತ ಅಂಜಿಕಿನೂ ಬಂತು. ಓದಾಕ ಬರದಿದ್ರ ಈ ಮನ್ಯಾಗ ನಾ ಏನು?"

ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಸಂಜೆಯಾಗುವವರೆಗೆ ಇಬ್ಬರೂ ಹಾಗೇ ಕುಳಿತಿದ್ದೆವು.

ಮರುದಿನ ಕಲಬುರಗಿಗೆ ಹೋದೆವು. ತಲೆಯ ಫೋಟೋ ತೆಗೆಸಿದರು. ವೈದ್ಯರು ವಯಸ್ಸಾದವರು, ಸಮಾಧಾನಿ. ಅವಳ ಕೈಗೆ ಪೆನ್ನು ಕೊಟ್ಟು, ಮನಸ್ಸಿಗೆ ಬಂದದ್ದು ಬರೆಯಿರಿ ಅಂದರು. ಬರೆಯಲು ಬರುವುದಿಲ್ಲ ಎಂದು ನಾನು ಹೇಳಹೊರಟೆ. ಅಷ್ಟರಲ್ಲಿ ಅವಳು ಬರೆದಿದ್ದಳು. ಅದೇ ದುಂಡಗಿನ ಅಕ್ಷರ, ಸಾಲು ಒಂದಿಷ್ಟೂ ಬಾಗಿರಲಿಲ್ಲ. "ನನ್ನ ತವರುಮನೆ ಸುರಪುರ. ನಿನ್ನೆ ರಾತ್ರಿ ನಿದ್ದಿ ಇಲ್ಲ. ಇವರಿಗೆ ಊಟ ಆಗಿಲ್ಲ." ವೈದ್ಯರು ಕಾಗದ ತೆಗೆದಿಟ್ಟು ಐದು ನಿಮಿಷ ಅದೂ ಇದೂ ಮಾತಾಡಿಸಿದರು. ಆಮೇಲೆ ಅದೇ ಕಾಗದವನ್ನು ಅವಳ ಮುಂದೆ ಹಿಡಿದರು.

"ಓದ್ರಿ ನೋಡೋಣ."

ಅವಳು ಬಹಳ ಹೊತ್ತು ನೋಡಿದಳು. "ಅಕ್ಷರ ಚಂದ ಅವ," ಅಂದಳು. "ಯಾರ ಬರದಾರ್ರಿ?"

ನಾನು ಎದ್ದು ಹೊರಗೆ ಬಂದೆ. ಮೊಗಸಾಲೆಯಲ್ಲಿ ಒಬ್ಬಳು ಹೆಂಗಸು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಳೆಹಣ್ಣು ತಿನ್ನಿಸುತ್ತಿದ್ದಳು. ಅದನ್ನೇ ನೋಡುತ್ತ ನಿಂತೆ. ಒಳಗೆ ಕರೆದಾಗ ವೈದ್ಯರು ತಿಳಿಸಿ ಹೇಳಿದರು. ಮಿದುಳಿನ ಹಿಂಭಾಗಕ್ಕೆ ರಕ್ತ ಹೋಗುವ ನಾಳ ಅವತ್ತು ಕಟ್ಟಿಕೊಂಡಿತ್ತು. ಬಲಗಡೆಯ ನೋಟ ಒಂದಿಷ್ಟು ಹೋಗಿದೆ, ಅದು ಬಿಟ್ಟರೆ ಕಣ್ಣು ನೆಟ್ಟಗಿದೆ, ಮಾತು ನೆಟ್ಟಗಿದೆ, ಬರವಣಿಗೆ ನೆಟ್ಟಗಿದೆ. ಕಂಡ ಅಕ್ಷರ ಅರ್ಥಕ್ಕೆ ಮುಟ್ಟುವ ದಾರಿ ಮಾತ್ರ ಹಾಳಾಗಿದೆ. ಇಂಥದ್ದು ಅಪರೂಪ, ಆದರೆ ಆಗುತ್ತದೆ. ಅವತ್ತೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇ ಅಂತ ಕೇಳಿದೆ. "ಹೇಳಾಕ ಬರಂಗಿಲ್ರಿ," ಅಂದರು. ಅವರು ಒಳ್ಳೆಯ ಮನುಷ್ಯ.

ಬೆರಳಿನಿಂದ ಅಕ್ಷರ ತಿದ್ದಿಸಿರಿ, ಕೈಯ ನೆನಪಿನಿಂದ ಒಂದಷ್ಟು ಓದು ವಾಪಸು ಬರಬಹುದು ಎಂದು ಹೇಳಿ ಕಳಿಸಿದರು. ನಾನು ಮಕ್ಕಳ ಪಾಟಿ ಬಳಪ ತಂದೆ. ದೊಡ್ಡ ಅಕ್ಷರ ಬರೆಯುತ್ತಿದ್ದೆ, ಅವಳು ಬೆರಳಿನಿಂದ ಅದರ ಮೇಲೆ ತಿದ್ದುತ್ತಿದ್ದಳು. ತಿದ್ದಿದ ಮೇಲೆ, "ಹಾಂ, ಇದು ಮ" ಅನ್ನುತ್ತಿದ್ದಳು. ಹೀಗೆ ನಾಲ್ಕು ತಿಂಗಳು ದಿನಾ ಕುಳಿತೆವು. ಕೊನೆಗೆ ಒಂದು ಸಾಲು ಓದಲು ಅವಳಿಗೆ ಒಂದು ಚಹಾ ಕುದಿಯುವಷ್ಟು ಹೊತ್ತು ಬೇಕಾಗುತ್ತಿತ್ತು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತಿತ್ತು. ಒಂದು ದಿನ ಪಾಟಿಯನ್ನು ಒರೆಸಿ ಮೂಲೆಗಿಟ್ಟಳು.

"ಹಿಂಗ ಓದೂದು ಓದೂದಲ್ರಿ," ಅಂದಳು. "ನನಗ ಕಥಿ ಬೇಕಾಗಿತ್ತು. ಬರೇ ಅಕ್ಷರ ತಗೊಂಡು ಏನ್ ಮಾಡ್ಲಿ?"

ಆಮೇಲೆ ನಾನು ಓದುವುದು, ಅವಳು ಕೇಳುವುದು ಎಂದಾಯಿತು. ಮುಂಜಾನೆ ಚಹಾ ಆದಮೇಲೆ ಒಂದು ತಾಸು. ಬೇರೆಯವರ ಪುಸ್ತಕಗಳನ್ನು ಓದಿದೆ. ಒಂದು ದಿನ ಅವಳೇ ಅಂದಳು, "ಅವ್ವಂದು ಓದ್ರಿ."

ನಾನು ಆ ಪುಸ್ತಕ ತೆಗೆದೆ. ಇಪ್ಪತ್ತು ಪುಟಕ್ಕೆ ಅವಳು ಕೈ ಅಡ್ಡ ಹಿಡಿದಳು. ಒಂದು ತಪ್ಪು. ಮರುದಿನ ಮೂರು. ಸಣ್ಣವೂ ಇದ್ದವು, ದೊಡ್ಡವೂ ಇದ್ದವು. ಹದಿನೇಳನೆಯ ಪುಟದಲ್ಲಿ ತೀರಿಹೋದ ಅಜ್ಜ ತೊಂಬತ್ತನೆಯ ಪುಟದಲ್ಲಿ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. "ಇವ ಸತ್ತಿದ್ನಲ್ರಿ?" ಅಂದಳು. ಇಬ್ಬರೂ ನಕ್ಕೆವು, ಬಹಳ ದಿನದ ಮೇಲೆ. ಪುಸ್ತಕ ಅಷ್ಟರಲ್ಲಿ ಗ್ರಂಥಾಲಯಗಳಿಗೆ ಹೋಗಿತ್ತು, ಗೆಳೆಯರ ಮನೆ ಸೇರಿತ್ತು. ಅವರಲ್ಲಿ ಯಾರೂ ಈ ಅಜ್ಜನ ವಿಷಯ ಎತ್ತಿರಲಿಲ್ಲ. ಎಷ್ಟು ಮಂದಿ ಪೂರ್ತಿ ಓದಿದ್ದರೋ ನನಗೆ ಗೊತ್ತಿಲ್ಲ.

ಕೊನೆಯ ಅಧ್ಯಾಯಕ್ಕೆ ಬಂದೆವು. ಮುದುಕ ಬಾಗಿಲಿಗೆ ಬರುವುದು, ಅವ್ವ ನೀರು ಕೊಡುವುದು, ಅವಳ ಕಣ್ಣಿನಲ್ಲಿ ಕ್ಷಮೆ ತುಂಬಿ ಬರುವುದು. ನಾನು ಬರೆದದ್ದರಲ್ಲೆಲ್ಲ ಚೆಂದದ ಎರಡು ಪುಟ ಇವು ಅಂತ ನನ್ನ ನಂಬಿಕೆ. ಓದಿ ಮುಗಿಸಿ ಪುಸ್ತಕ ಮಡಚಿದೆ. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ನನ್ನ ಬರಹದ ಲೆಕ್ಕಕ್ಕೆ ಹಾಕಿಕೊಂಡೆ.

"ಹೆಂಗದ?" ಅಂದೆ.

"ನಿಮ್ಮವ್ವ ಅವನ್ನ ಕ್ಷಮಿಸಿದ್ದಿಲ್ರಿ."

"ನಾನ ಕಂಡೀನಿ. ನೀರು ಕೊಟ್ಟಳು."

"ನೀರು ಕೊಟ್ಟಳು. ಬಾಯಾರಿ ಬಂದವ್ರಿಗಿ ಇಲ್ಲ ಅನ್ನಾಕ ಆಕಿಗಿ ಬರ್ತಿದ್ದಿಲ್ಲ. ಅವ ಹೋದಮ್ಯಾಲ ಆ ತಂಬಿಗಿ ತಗೊಂಡು ಹೋಗಿ ಹಾಳ ಬಾವ್ಯಾಗ ಒಗದಳು. ಮನ್ಯಾಗ ಇದ್ದದ್ದು ಅದೊಂದ ಹಿತ್ತಾಳಿ ತಂಬಿಗಿ. ತವರಿನಿಂದ ತಂದದ್ದು. ಆಮ್ಯಾಗ ನೀವು ಮಣ್ಣಿನ ಮಗಿಯಾಗ ನೀರು ಕುಡದ್ರಿ, ನೆನಪದ ಏನು?"

ನೆನಪಿತ್ತು. ಮಣ್ಣಿನ ಮಗಿ ನೆನಪಿತ್ತು. ತಂಬಿಗೆ ಎಲ್ಲಿ ಹೋಯಿತು ಎಂದು ನಾನು ಎಂದೂ ಕೇಳಿರಲಿಲ್ಲ.

"ನಿನಗ ಹೆಂಗ ಗೊತ್ತು?"

"ಅವ್ವನ ಹೇಳ್ಯಾಳ. ಜೋಳ ಹಸನ ಮಾಡ್ತ ಕುಂತಾಗ. ಸಾಯೂದಕ್ಕಿಂತ ಒಂದೆರಡು ತಿಂಗಳು ಮೊದಲು."

"ನನಗ ಯಾಕ ಹೇಳಲಿಲ್ಲ?"

"ಅವಗ ಹೇಳಬ್ಯಾಡ, ಬರೀತಾನ, ಅಂದಿದ್ದಳು."

ಅವ್ವನಿಗೆ ಓದು ಬರುತ್ತಿರಲಿಲ್ಲ. ನನ್ನ ಪುಸ್ತಕಗಳನ್ನು ಒರೆಸಿ ಇಡುತ್ತಿದ್ದಳು, ಬಂದವರಿಗೆ ತೋರಿಸುತ್ತಿದ್ದಳು. ನಾನು ಏನು ಮಾಡುವವನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಪ್ರೂಫು ಓದಾಕ ಬಂದಿದ್ರ ಏನ್ ಮಾಡ್ತಿದ್ದಿ?" ಅಂತ ಕೇಳಿದೆ.

"ಆ ಎರಡು ಪುಟದ ಮ್ಯಾಲ ಗೆರಿ ಎಳೀತಿದ್ದೆ. ಯಾಕಂತ ಬರೀತಿದ್ದಿಲ್ಲ. ನೀವು ಸಿಟ್ಟಾಗ್ತಿದ್ರಿ, ಆದ್ರ ತಗೀತಿದ್ರಿ."

ಹೌದು, ತೆಗೆಯುತ್ತಿದ್ದೆ. ಸಿಟ್ಟು ಮಾಡಿಕೊಂಡು ಮೂರನೆಯ ದಿನ ತೆಗೆಯುತ್ತಿದ್ದೆ. ಈಗ ಅದು ಅಚ್ಚಾಗಿದೆ. ತನ್ನ ಕೂಸನ್ನು ಮರೆತು ಕಣ್ತುಂಬಿ ಕ್ಷಮಿಸಿದ ಒಬ್ಬ ಹೆಂಗಸು ಆ ಪುಸ್ತಕದಲ್ಲಿದ್ದಾಳೆ, ಅವಳು ನಮ್ಮವ್ವ ಎಂದು ನಾನೇ ಮುನ್ನುಡಿಯಲ್ಲಿ ಬರೆದಿದ್ದೇನೆ. ಪ್ರಕಾಶಕರಿಗೆ ಫೋನು ಮಾಡಿ ಎರಡನೆಯ ಮುದ್ರಣದ ಮಾತೆತ್ತಿದೆ. ಮೊದಲನೆಯದೇ ಗೋದಾಮಿನಲ್ಲಿದೆ ಸರ್, ಅಂದರು. ತಪ್ಪು ಅವರದಲ್ಲ.

ಹೋದ ಬೇಸಗೆಯಲ್ಲಿ ಅವಳು ತನ್ನ ಪುಸ್ತಕಗಳನ್ನು ಸುರಪುರದಲ್ಲಿ ತಾನು ಕಲಿತ ಶಾಲೆಗೆ ಕೊಡೋಣ ಅಂದಳು. ನಾನು ಬೇಡ ಅಂದೆ. ನಾನು ಓದಿ ಹೇಳುತ್ತೇನಲ್ಲ ಅಂದೆ.

"ನೀವು ಓದ್ತೀರಿ, ಖರೆ. ಆದ್ರ ಎದುರಿಗಿ ಕಾಣ್ತಾವಲ್ರಿ ದಿನಾ. ಮಾರಿ ಮುಚ್ಚಿಗೊಂಡು ಕುಂತಂಗ ಕುಂತಿರ್ತಾವ. ನನಗ ಆಗವಲ್ದು."

ಒಂಬತ್ತು ರಟ್ಟಿನ ಪೆಟ್ಟಿಗೆ ತುಂಬಿದವು. ಕಟ್ಟುವಾಗ ಒಂದೊಂದು ಪುಸ್ತಕವನ್ನೂ ಕೈಯಲ್ಲಿ ಹಿಡಿದು, ರಟ್ಟಿನ ಬಣ್ಣ, ದಪ್ಪ, ಹರಿದ ಮೂಲೆ ನೋಡಿ ಅದು ಯಾವುದೆಂದು ಹೇಳುತ್ತಿದ್ದಳು. ಒಂದೂ ತಪ್ಪಲಿಲ್ಲ. ದರ್ಜಿ ಹೆಣ್ಣುಮಗಳ ಗಂಡ ತನ್ನ ಟಂಟಂ ಆಟೋದಲ್ಲಿ ಸುರಪುರದವರೆಗೆ ಹಾಕಿಕೊಂಡು ಹೋದ, ನಾವು ಬಸ್ಸಿನಲ್ಲಿ ಹೋದೆವು. ಶಾಲೆಯ ಹಿರಿಯ ಶಿಕ್ಷಕಿ ಒಂದು ಶಾಲು ಹೊದಿಸಿದರು, ಎರಡು ಮಾತಾಡಿರಿ ಅಂದರು. ಅವಳು ಎದ್ದು ನಿಂತು, "ಓದ್ರಿ. ಓದಾಕ ಬರೂ ತನಕ ಓದ್ರಿ" ಅಂತ ಅಷ್ಟೇ ಹೇಳಿ ಕುಳಿತಳು. ಅಲ್ಲಿದ್ದವರಿಗೆ ಏನೂ ವಿಶೇಷ ಅನ್ನಿಸಲಿಲ್ಲ.

ವಾಪಸು ಬರುವಾಗ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನು ನೀರಿನ ಬಾಟಲಿ ತರಲು ಹೋಗಿದ್ದೆ. ತಿರುಗಿ ನೋಡಿದರೆ ಅವಳು ಲಿಂಗಸುಗೂರಿನ ಬೋರ್ಡಿದ್ದ ಬಸ್ಸು ಹತ್ತುತ್ತಿದ್ದಳು. ಓಡಿ ಹೋಗಿ ಕೈ ಹಿಡಿದು ಇಳಿಸಿದೆ. ನಾಚಿಕೆಯಿಂದ ಅವಳ ಮುಖ ಕೆಂಪಾಗಿತ್ತು. ಅದು ಅವಳ ಊರು, ಅವಳು ಹುಟ್ಟಿ ಬೆಳೆದ ಊರು.

ಶಹಾಪುರದ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕುಳಿತಿದ್ದಳು. ಹತ್ತಿ ಕಿತ್ತ ಹೊಲಗಳು ಬೋಳಾಗಿ ಬಿದ್ದಿದ್ದವು. ಅರ್ಧ ದಾರಿಗೆ ಅವಳೇ ಮಾತು ತೆಗೆದಳು.

"ಅವ್ವಂದು ಬರೀರಿ. ತಂಬಿಗಿದು."

"ಬ್ಯಾಡ ಅಂದಿದ್ದಳಲ್ಲ."

"ಆಕಿ ಬ್ಯಾಡ ಅಂದಾಗ ಅದು ಬರೇ ಆಕಿ ಮನಸಿನ್ಯಾಗ ಇತ್ತು. ಈಗ ಸುಳ್ಳು ಪುಸ್ತಕದಾಗ ಅದ. ಕೇಳಿದ್ರ ಹೂಂ ಅಂತಿದ್ದಳು ಅನಿಸ್ತದ ನನಗ. ಅನ್ನತಿದ್ದಿಲ್ಲೋ ಏನೋ." ಕಿಟಕಿಯಿಂದ ಮುಖ ತಿರುಗಿಸಿ, "ಬರೀರಿ," ಅಂದಳು.

ಅದಕ್ಕೇ ಇದನ್ನು ಬರೆದೆ. ಕಥೆ ಮಾಡಲಿಲ್ಲ, ಮಾಡುವ ಧೈರ್ಯ ಈಗ ಇಲ್ಲ. ಧಾರಾವಾಹಿಯನ್ನು ಪತ್ರಿಕೆಯವರು ಪುಟ ಕಡಿಮೆಯಾದವೆಂದು ನಿಲ್ಲಿಸಿದರು, ನನಗೆ ಅದರಿಂದ ಹಗುರವೇ ಆಯಿತು. ಅನುವಾದ ಮಾಡುತ್ತಿದ್ದೇನೆ. ಇನ್ನೊಬ್ಬರು ಬರೆದದ್ದರ ಸುಳ್ಳು ಖರೆ ಅವರಿಗೆ ಸೇರಿದ್ದು.

ಇದನ್ನು ಬರೆಯಲು ಐದು ವಾರ ಹಿಡಿಯಿತು. ಬರೆದಷ್ಟನ್ನು ಅವಳಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ. ಮೊದಲಿನ ಹಾಗೆ ಒಂದು ತಾಸು ಕೂಡುವುದು ಈಗ ಅವಳಿಂದ ಆಗುವುದಿಲ್ಲ, ಅರ್ಧ ತಾಸಿಗೆ ದಣಿಯುತ್ತಾಳೆ. ಇನ್ನೊಮ್ಮೆ ಆ ಥರ ಆಗದಂತೆ ನೋಡಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ದಿನಾ ಗುಳಿಗೆಗಳನ್ನು ನಾನೇ ತೆಗೆದುಕೊಡುತ್ತೇನೆ. ನಿನ್ನೆ ಬಸ್‌ಸ್ಟ್ಯಾಂಡಿನ ಭಾಗ ಓದುವಾಗ, ಇದನ್ನು ಬಿಡಲೇ ಅಂತ ಕೇಳಿದೆ. ಇರಲಿ, ಆದದ್ದು ಆಗಿದೆ, ಅಂದಳು. ಮುಂದಿನ ಸಾಲು ಓದಿ ತಲೆ ಎತ್ತಿದಾಗ ಅವಳಿಗೆ ಗೋಡೆಗೆ ಒರಗಿದಲ್ಲೇ ನಿದ್ದೆ ಹತ್ತಿತ್ತು. ಹಾಳೆ ಕೆಳಗಿಟ್ಟು ತಲೆದಿಂಬು ತರಲು ಒಳಗೆ ಹೋದೆ.